ಎಚ್‌ಐವಿ ಇದ್ದವರ ಮೆದುಳಿಗೆ ವೈರಸ್: ಕ್ಯಾನ್ಸರ್ ಇಂಜೆಕ್ಷನ್ನಿಗೆ ಜಮೀನು ಮಾರಬೇಕಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಮಾಡುತ್ತೇವೆ. ನಮ್ಮ ಭಾವನವರಿಗೆ 41 ವರ್ಷ. ಎರಡು ತಿಂಗಳ ಹಿಂದೆ ಹುಳಕ್ಕೆ ಸೊಪ್ಪು ಹಾಕುವಾಗ ಬಲಗೈಯಿಂದ ಸೊಪ್ಪು ತಾನಾಗಿ ಜಾರಿ ಬೀಳೋಕೆ ಶುರುವಾಯಿತು. ಆಮೇಲೆ ಮಾತೂ ತೊದಲಿತು. ಲಕ್ವ ಅಂದುಕೊಂಡು ನಾಟಿ ಔಷಧಿ ಕೊಡಿಸಿದೆವು. ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿ, ಬೆನ್ನಿನಿಂದ ನೀರು ತೆಗೆದು ನೋಡಿ ‘ಪಿಎಂಎಲ್’ ಅಂದರು. ಎಚ್‌ಐವಿ ಇರೋದೂ ಆಗಲೇ ಗೊತ್ತಾಗಿದ್ದು, ಸಿಡಿ4 (ರೋಗ ತಡೆಯೋ ರಕ್ತಕಣಗಳ ಲೆಕ್ಕ) 62 ಇದೆ. ಬೇರೆ ಔಷಧಿ ಇಲ್ಲ, ಎಚ್‌ಐವಿಗೆ ಕೊಡೋ ಎಆರ್‌ಟಿ ಮಾತ್ರೆ ತಪ್ಪಿಸಬೇಡಿ ಅಂತ ಕಳಿಸಿದ್ದಾರೆ. ಪರಿಚಯದವರೊಬ್ಬರು ಸೈಟಾರಬಿನ್ ಅನ್ನೋ ಕ್ಯಾನ್ಸರ್ ಇಂಜೆಕ್ಷನ್ ಇದೆ, ಬೆನ್ನಿಗೆ ಕೊಟ್ಟರೆ ವಾಸಿಯಾಗುತ್ತೆ, ಅಮೆರಿಕದಲ್ಲಿ ಟ್ರಯಲ್ ಕೂಡ ಆಗಿದೆ ಅನ್ನುತ್ತಿದ್ದಾರೆ. ಅಕ್ಕ ಒಂದೆಕರೆ ಮಾರೋಕೆ ತಯಾರಾಗಿದ್ದಾಳೆ. ಕೊಡಿಸಬಹುದಾ ಸರ್?

ಉತ್ತರ: ಮೊದಲು ಅಕ್ಕನಿಗೆ ಹೇಳಿ, ಜಮೀನು ಮಾರೋದು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪಿಎಂಎಲ್ ಅನ್ನೋ ಈ ಮೆದುಳಿನ ಕಾಯಿಲೆ ತರೋದು ಜೆಸಿ ವೈರಸ್. ಇದೇನೂ ಅಪರೂಪದ ವೈರಸ್ ಅಲ್ಲ, ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಯಾವಾಗಲೋ ಸೋಂಕಾಗಿ ಕಿಡ್ನಿಯಲ್ಲಿ ಸುಮ್ನೆ ಕೂತಿರುತ್ತೆ, ಗೊತ್ತೂ ಆಗೋದಿಲ್ಲ. ಎಚ್‌ಐವಿಯಿಂದ ಸಿಡಿ4 ತುಂಬಾ ಇಳಿದಾಗ, ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಹೋದಾಗ, ಅದು ಮೆದುಳಿಗೆ ಕೈ ಹಾಕುತ್ತೆ. ನಿಮ್ಮ ಕಡೆ ಸಾವಿರ ಅಡಿ ಬೋರಿಗೆ ಕೇಬಲ್ ಇಳಿಸುತ್ತೀರಲ್ಲ, ಅದರ ಮೇಲಿನ ರಬ್ಬರ್ ಅಲ್ಲಲ್ಲಿ ಕಿತ್ತುಹೋದರೆ ಮೋಟಾರು ಚೆನ್ನಾಗಿದ್ದರೂ ಓಡಲ್ಲ, ಅಲ್ವಾ? ಮೆದುಳಿನ ನರಗಳಿಗೂ ಅಂಥದೇ ಒಂದು ಹೊದಿಕೆ ಇದೆ. ಅದನ್ನು ಮಾಡುವ ಜೀವಕೋಶಗಳನ್ನೇ ಈ ವೈರಸ್ ಕೊಲ್ಲುತ್ತೆ. ನಿಮ್ಮ ಭಾವನ ಕೈ ಚೆನ್ನಾಗೇ ಇದೆ, ಕೆಟ್ಟಿರೋದು ಕೈಗೆ ಹೋಗೋ ಲೈನು. ಲಕ್ವ ಥಟ್ಟನೆ ಹೊಡೆಯುತ್ತೆ, ಇದು ದಿನ, ವಾರಗಳ ಮೇಲೆ ಏರುತ್ತಾ ಹೋಗುತ್ತೆ.

ಈಗ ಸೈಟಾರಬಿನ್ ವಿಷಯ. ನಿಮ್ಮ ಪರಿಚಯದವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಕಥೆ ಅಷ್ಟೇ. ಇದು ರಕ್ತದ ಕ್ಯಾನ್ಸರಿಗೆ ಕೊಡೋ ಔಷಧಿ. ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿದರೆ ಜೆಸಿ ವೈರಸ್ ಬೆಳೆಯೋದು ನಿಲ್ಲುತ್ತಿತ್ತು. ಒಬ್ಬಿಬ್ಬರಿಗೆ ಕೊಟ್ಟು ಗುಣ ಕಂಡಿತು ಅಂತ ವೈದ್ಯರು ಬರೆದೂ ಇದ್ದರು. ಆದರೆ ಗುಣವಾದವರ ಬಗ್ಗೆ ಬರೀತಾರೆ, ಆಗದವರ ಬಗ್ಗೆ ಯಾರೂ ಬರೆಯೋದಿಲ್ಲ. ಅದಕ್ಕೇ ಅಮೆರಿಕದಲ್ಲಿ ಸರಿಯಾಗಿ ಹೋಲಿಸಿ ನೋಡಿದರು. 57 ಜನ ರೋಗಿಗಳು, ಎಲ್ಲರಿಗೂ ಮೆದುಳಿನ ಚೂರು ತೆಗೆದು ಪರೀಕ್ಷಿಸಿ ಪಿಎಂಎಲ್ ಅಂತ ಖಚಿತ ಮಾಡಿಕೊಂಡಿದ್ದವರು. ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಚ್‌ಐವಿ ಮಾತ್ರೆ ಮಾತ್ರ, ಇನ್ನೊಂದಕ್ಕೆ ಮಾತ್ರೆ ಜೊತೆ ರಕ್ತನಾಳಕ್ಕೆ ಸೈಟಾರಬಿನ್, ಮೂರನೆಯದಕ್ಕೆ ಮಾತ್ರೆ ಜೊತೆ ಬೆನ್ನುಹುರಿಯ ನೀರಿಗೇ ಸೈಟಾರಬಿನ್. ಫಲಿತಾಂಶ 1998ರಲ್ಲಿ ಬಂತು. ಮೂರೂ ಗುಂಪಿನಲ್ಲಿ 14-14 ಜನ ತೀರಿಹೋಗಿದ್ದರು. ಬದುಕಿದ ಕಾಲದಲ್ಲೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಇರಲಿಲ್ಲ. ರಕ್ತನಾಳಕ್ಕೆ ಕೊಟ್ಟವರಲ್ಲಿ ರಕ್ತದ ಕಣಗಳು ಕುಸಿದಿದ್ದೇ ಜಾಸ್ತಿ.

ಲ್ಯಾಬಿನಲ್ಲಿ ಕೆಲಸ ಮಾಡಿದ್ದು ಮನುಷ್ಯನಲ್ಲಿ ಯಾಕೆ ಮಾಡಲಿಲ್ಲ? ದೊಡ್ಡ ಅನುಮಾನ ಏನಪ್ಪಾ ಅಂದರೆ, ಔಷಧಿ ಬೇಕಾದ ಜಾಗಕ್ಕೆ ಬೇಕಾದಷ್ಟು ತಲುಪಲೇ ಇಲ್ಲ. ರಕ್ತದಿಂದ ಮೆದುಳಿಗೆ ಎಲ್ಲವನ್ನೂ ಬಿಡದ ಒಂದು ತಡೆ ಇದೆ. ಬೆನ್ನಿನ ನೀರಿಗೆ ಹಾಕಿದರೂ ಮೆದುಳಿನ ಆಳಕ್ಕೆ ಇಳಿಯೋದು ಕಷ್ಟ. ಡ್ರಿಪ್ ಟ್ಯಾಂಕಿಗೆ ಗೊಬ್ಬರ ಕಲಸಿದ್ದೀವಿ, ಪೈಪಲ್ಲಿ ಹರೀತಲೂ ಇದೆ, ಗಿಡದ ಬುಡಕ್ಕೆ ಮಾತ್ರ ಬಿದ್ದಿಲ್ಲ ಅನ್ನೋ ಹಾಗೆ. ಆಮೇಲೆ ಸಿಡೋಫೊವಿರ್ ಅನ್ನೋ ಇನ್ನೊಂದು ವೈರಸ್ ಔಷಧಿ ನೋಡಿದರು, ಆಗಲಿಲ್ಲ, ಅದು ಕಿಡ್ನಿಗೂ ಪೆಟ್ಟು. ಮಲೇರಿಯಾದ ಮೆಫ್ಲೊಕ್ವಿನ್ ಮೆದುಳಿಗೆ ಚೆನ್ನಾಗಿ ಹೋಗುತ್ತೆ, ಅದನ್ನಾದರೂ ನೋಡೋಣ ಅಂದರು, ಪ್ರಯೋಜನ ಕಾಣದೆ ಆ ಟ್ರಯಲನ್ನು ಮಧ್ಯದಲ್ಲೇ ನಿಲ್ಲಿಸಿದರು. 2019ರಲ್ಲಿ ಪೆಂಬ್ರೊಲಿಝುಮಾಬ್ ಅನ್ನೋ ಮತ್ತೊಂದು ಕ್ಯಾನ್ಸರ್ ಔಷಧಿ ಕೊಟ್ಟ 8 ರೋಗಿಗಳಲ್ಲಿ 5 ಜನ ಸುಧಾರಿಸಿದರು ಅಥವಾ ಇದ್ದ ಹಾಗೇ ನಿಂತರು ಅಂತ ವರದಿ ಬಂತು. ಆಸೆ ಹುಟ್ಟಿಸುತ್ತೆ, ನಿಜ. ಆದರೆ ಹೋಲಿಸೋಕೆ ಔಷಧಿ ಕೊಡದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಸೈಟಾರಬಿನ್ ಕಥೆ ಓದಿದ ಮೇಲೆ ನಾನಂತೂ ಇದಕ್ಕೂ ಜಮೀನು ಮಾರಿ ಅನ್ನಲ್ಲ.

ಹಾಗಾದರೆ ಆ ‘ಬರೀ ಮಾತ್ರೆ’? ಅದೇ ನಿಮ್ಮ ಔಷಧಿ. ಆ ಟ್ರಯಲ್ ಶುರುವಾದ ಕಾಲದಲ್ಲಿ ಎಚ್‌ಐವಿಗೆ ಒಂದೆರಡು ಮಾತ್ರೆ ಕೊಡುತ್ತಿದ್ದರು, ಪಿಎಂಎಲ್ ಬಂದವರು ಕೆಲವೇ ತಿಂಗಳಲ್ಲಿ ಹೋಗುತ್ತಿದ್ದರು. ಮೂರು ಔಷಧಿ ಸೇರಿಸಿ ಕೊಡೋಕೆ ಶುರು ಮಾಡಿದ ಮೇಲೆ ಸುಮಾರು ಅರ್ಧದಷ್ಟು ಜನ ವರ್ಷ ದಾಟುತ್ತಾರೆ, ಕೆಲವರು ಎಷ್ಟೋ ವರ್ಷ. ಜೆಸಿ ವೈರಸ್ ಮೇಲೆ ಬೀಳೋದು ಮಾತ್ರೆ ಅಲ್ಲ, ಮಾತ್ರೆಯಿಂದ ಎದ್ದು ಕೂತ ನಿಮ್ಮ ಭಾವನ ಸ್ವಂತ ರೋಗನಿರೋಧಕ ಶಕ್ತಿ. ಎಆರ್‌ಟಿ ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಉಚಿತ.

ಒಂದು ಎಚ್ಚರಿಕೆ, ಇದನ್ನು ಮನೆಯವರೆಲ್ಲ ಓದಿ. ಮಾತ್ರೆ ಶುರುವಾದ ಕೆಲವು ವಾರದಲ್ಲಿ ಕೈ ಕಾಲು ಇನ್ನೂ ಸೋಲಬಹುದು. ಎದ್ದ ಶಕ್ತಿ ಮೆದುಳಲ್ಲಿ ಒಮ್ಮೆಗೇ ಜಗಳಕ್ಕೆ ನಿಂತು ಊತ ಬರುತ್ತೆ. ‘ಮಾತ್ರೆ ತಗೊಂಡ ಮೇಲೇ ಜಾಸ್ತಿ ಆಯ್ತು’ ಅಂತ ನಿಲ್ಲಿಸಿಬಿಡುತ್ತಾರೆ, ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ನಿಲ್ಲಿಸಬೇಡಿ, ಅವತ್ತೇ ವೈದ್ಯರ ಹತ್ತಿರ ಹೋಗಿ. ಬೇಕಿದ್ದರೆ ಸ್ಟಿರಾಯ್ಡ್ ಕೊಡುತ್ತಾರೆ. ನೀರು ಕುಡಿದಾಗ ಕೆಮ್ಮು ಬಂದರೂ ಹೇಳಿ, ನುಂಗುವ ಸ್ನಾಯು ಸೋತರೆ ನೀರು, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತೆ. ಫಿಸಿಯೋಥೆರಪಿ ಈಗಲೇ ಶುರು ಮಾಡಿಸಿ.

ಪ್ರಶ್ನೆ: ಟ್ರಯಲ್‌ಗೆ ಸೇರಿಸಿಕೊಳ್ಳುತ್ತೇವೆ ಅಂದರೆ ನಮ್ಮನ್ನು ಇಲಿ ಮಾಡಿದ ಹಾಗಲ್ವಾ? (ಮುಳಬಾಗಿಲು)

ಉತ್ತರ: ಕೇಳದೆ ಕೊಟ್ಟರೆ ಹೌದು. ನಿಮಗೆ ಅರ್ಥವಾಗೋ ಭಾಷೆಯಲ್ಲಿ ವಿವರಿಸಿ, ಸಹಿ ತಗೊಂಡು, ಎಥಿಕ್ಸ್ ಕಮಿಟಿ ಒಪ್ಪಿಗೆ ಇಟ್ಟುಕೊಂಡು ಮಾಡಿದರೆ ಅಲ್ಲ. ಸಿಟಿಆರ್‌ಐ ಅನ್ನೋ ಸರ್ಕಾರಿ ಪಟ್ಟಿಯಲ್ಲಿ ಆ ಟ್ರಯಲ್ ಇದೆಯಾ ನೋಡಿ, ಯಾರು ಬೇಕಾದರೂ ನೋಡಬಹುದು. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದಕ್ಕಾಗಿ ಆಸ್ಪತ್ರೆಯವರು ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಪ್ರಯೋಗದ ಔಷಧಿಗೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಪಿಎಂಎಲ್ ಇದ್ದವರ ಜೊತೆ ಒಂದೇ ಮನೆಯಲ್ಲಿದ್ದರೆ ಮಕ್ಕಳಿಗೆ ಬರುತ್ತಾ? (ತುಮಕೂರು)

ಉತ್ತರ: ಇಲ್ಲ. ಜೊತೆಗೆ ಊಟ ಮಾಡಿ, ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಏನೂ ಆಗಲ್ಲ. ಹೆಂಡತಿ ಮಾತ್ರ ಒಮ್ಮೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲಿ. ಆಸ್ಪತ್ರೆಗೆ ಹೋಗೋ ಮೊದಲು ಮಾತಾಡಬೇಕು ಅನ್ನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.