ಒಲೆಯಿಲ್ಲದ ದಾರಿಯಲ್ಲಿ ಮಗುವಿನ ಊಟ

ಪ್ರಶ್ನೆ: ನನ್ನ ಮಗಳಿಗೆ ಈಗ 8 ತಿಂಗಳು. ಎದೆಹಾಲಿನ ಜೊತೆಗೆ ದಿನಕ್ಕೆ ಎರಡು ಸಲ ಪುಡಿಯಿಂದ ಕಲಸಿದ ಫಾರ್ಮುಲಾ ಹಾಲನ್ನೂ ಮೂರು ಹೊತ್ತು ಮೆತ್ತಗೆ ಬೇಯಿಸಿದ ಆಹಾರವನ್ನೂ ಕೊಡುತ್ತಿದ್ದೇನೆ. ಮುಂದಿನ ತಿಂಗಳು 2 ದಿನ ರೈಲಿನಲ್ಲಿ ಪ್ರಯಾಣ ಮಾಡಿ, ಆಮೇಲೆ 4 ದಿನ ಅಡುಗೆಗೆ ಅವಕಾಶವಿಲ್ಲದ ವಸತಿಗೃಹದಲ್ಲಿ ಉಳಿಯಬೇಕಾಗಿದೆ. ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಮಾತ್ರ ಇದೆಯಂತೆ. ಮನೆಯಿಂದಲೇ ಊಟ ಮಾಡಿ ಕಟ್ಟಿಕೊಂಡು ಹೋಗಬಹುದೇ? ಹಾಲನ್ನು ಮೊದಲೇ ಕಲಸಿ ಬಾಟಲಿಗಳಲ್ಲಿ ತುಂಬಿಟ್ಟುಕೊಳ್ಳಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯ ಹೆಚ್ಚಿರುವುದು ಅಲ್ಲಿಯೇ. ಹಾಲನ್ನು ದಯವಿಟ್ಟು ಮೊದಲೇ ಕಲಸಿಟ್ಟುಕೊಳ್ಳಬೇಡಿ. ಫಾರ್ಮುಲಾ ಪುಡಿಯ ಡಬ್ಬಿ ಎಷ್ಟೇ ಭದ್ರವಾಗಿ ಮುಚ್ಚಿದ್ದರೂ ಒಳಗಿನ ಪುಡಿ ಸಂಪೂರ್ಣ ರೋಗಾಣುಮುಕ್ತವಾಗಿರುವುದಿಲ್ಲ. ಒಣಗಿರುವಷ್ಟು ಕಾಲ ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೆಳೆಯದೆ ಸುಮ್ಮನಿರುತ್ತದೆ, ನೀರು ಸೇರಿ ಉಗುರುಬೆಚ್ಚಗಾದ ಕೂಡಲೇ ವೇಗವಾಗಿ ವೃದ್ಧಿಸತೊಡಗುತ್ತದೆ. ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಪುಡಿಯನ್ನು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಕಲಸಬೇಕೆಂದೂ, ಕಲಸಿದ ಹಾಲು ಫ್ರಿಜ್‌ನಲ್ಲಿಲ್ಲದಿದ್ದರೆ 2 ಗಂಟೆಯೊಳಗೆ ಬಳಸಬೇಕೆಂದೂ ಹೇಳುತ್ತದೆ. ಹಾಗಾಗಿ ಪುಡಿ ಪುಡಿಯಾಗಿಯೇ ಇರಲಿ, ನೀರು ಬಿಸಿಯಾಗಿಯೇ ಇರಲಿ. ಮಗು ಹಸಿದಾಗಲಷ್ಟೇ ಎರಡೂ ಸೇರಲಿ.

ಇದಕ್ಕೆ ಬೇಕಾಗುವುದು ಒಂದು ಒಳ್ಳೆಯ ಥರ್ಮಾಸ್ ಫ್ಲಾಸ್ಕ್. ಅದಕ್ಕೆ ಮೊದಲು ಸ್ವಲ್ಪ ಕುದಿನೀರು ಹುಯ್ದು ಒಳಗೋಡೆ ಕಾದ ಮೇಲೆ ಚೆಲ್ಲಿ, ಅನಂತರ ಮಳ್ಳಿ ಬಂದ ನೀರನ್ನು ಕಂಠದವರೆಗೆ ತುಂಬಿ. ಹೊರಡುವ ಮುನ್ನ ಮನೆಯಲ್ಲೇ ಥರ್ಮಾಮೀಟರ್ ಇಟ್ಟು, ನಿಮ್ಮ ಫ್ಲಾಸ್ಕ್ ಎಷ್ಟು ಗಂಟೆ 70 ಡಿಗ್ರಿಗಿಂತ ಮೇಲಿರುತ್ತದೆ ಎಂದು ನೋಡಿಕೊಳ್ಳುವುದು ಉತ್ತಮ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕಾಗದು, ಅಡುಗೆಯದೇ ಬೇಕು. ಒಂದೊಂದು ಸಲಕ್ಕೆ ಬೇಕಾದ ಪುಡಿಯನ್ನು ಚೆನ್ನಾಗಿ ತೊಳೆದು ಒಣಗಿಸಿದ ಪುಟ್ಟ ಡಬ್ಬಿಗಳಲ್ಲಿ ಅಳೆದಿಟ್ಟುಕೊಂಡರೆ, ಅಲುಗಾಡುವ ರೈಲಿನಲ್ಲಿ ನಡುರಾತ್ರಿ ಚಮಚದ ಲೆಕ್ಕ ತಪ್ಪುವುದಿಲ್ಲ. ಕಲಸಿದ ಬಾಟಲಿಯ ಮುಚ್ಚಳ ಬಿಗಿ ಮಾಡಿ, ನೀರು ಮುಚ್ಚಳವನ್ನು ಮುಟ್ಟದಂತೆ ಬಾಟಲಿಯ ಕೆಳಭಾಗವನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ತಿರುಗಿಸುತ್ತಿದ್ದರೆ ಹಾಲು ಬೇಗ ಆರುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ. ಬಿಸಿಯೆಂದೂ ತಣ್ಣಗೆಂದೂ ಅನ್ನಿಸದಿದ್ದರೆ ಹದವಾಗಿದೆ. ಮಗು ಬಾಯಿ ಹಚ್ಚಿದ ಹಾಲು ಎಂಜಲೇ. ಎಷ್ಟೇ ಮಿಕ್ಕಿದ್ದರೂ 1 ಗಂಟೆಯೊಳಗೆ ಚೆಲ್ಲಿಬಿಡಬೇಕು. ಚೆಲ್ಲಲು ಮನಸ್ಸು ಬಾರದೆ ಮುಂದಿನ ಹೊತ್ತಿಗೆ ಉಳಿಸಿಟ್ಟು, ಮಗುವಿಗೆ ಭೇದಿ ಹಿಡಿಸಿಕೊಂಡು ಕಂಗಾಲಾಗುವುದು ಬೇಡ.

ಕಲಸಿಯೇ ಸಿಗುವ ದ್ರವರೂಪದ ಫಾರ್ಮುಲಾ ನಿಮಗೆ ದೊರೆತರೆ ಆ 2 ದಿನಗಳಿಗೆ ಅದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ಪೊಟ್ಟಣ ಒಡೆಯುವವರೆಗೆ ಅದು ರೋಗಾಣುಮುಕ್ತವಾಗಿರುತ್ತದೆ, ಬಿಸಿ ಮಾಡಲೇಬೇಕೆಂದಿಲ್ಲ.

ಬಾಟಲಿಗಿಂತ ಅಗಲ ಬಾಯಿಯ ಸಣ್ಣ ಲೋಟ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. 8 ತಿಂಗಳ ಮಗು ಲೋಟದಿಂದ ಕುಡಿಯಲು ಕಲಿಯಬಲ್ಲದು, ಮತ್ತು ನಿಪ್ಪಲಿನ ಸಂದಿಯಲ್ಲಿ ಅಂಟಿಕೊಂಡ ಹಾಲಿನ ಜಿಡ್ಡನ್ನು ರೈಲಿನ ಕೈತೊಳೆಯುವ ತೊಟ್ಟಿಯಲ್ಲಿ ಉಜ್ಜಿ ತೆಗೆಯುವ ಪಾಡು ತಪ್ಪುತ್ತದೆ. ಇನ್ನೂ ಒಂದು ತಿಂಗಳು ಕೈಯಲ್ಲಿರುವುದರಿಂದ ಮನೆಯಲ್ಲೇ ಅಭ್ಯಾಸ ಮಾಡಿಸಿ.

ಇನ್ನು ಮನೆಯ ಊಟದ ಮಾತು. ಬೇಯಿಸಿದ ಮೆದು ಆಹಾರವು ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಹೆಚ್ಚು. ಆದ್ದರಿಂದ ಹೊರಟ ಮೇಲಿನ ಮೊದಲ ಊಟಕ್ಕೆ ಮಾತ್ರ ಮನೆಯದನ್ನು ನಂಬಬಹುದು. ಆಮೇಲಿನ ಹೊತ್ತುಗಳಿಗೆ ಬಿಸಿನೀರಿನಲ್ಲಿ ಕದಡಿದರೆ ಸಾಕಾಗುವ ಮಕ್ಕಳ ಸಿದ್ಧ ಧಾನ್ಯದ ಪುಡಿ, ಮೊಹರು ಮಾಡಿದ ಸಣ್ಣ ಬಾಟಲಿಗಳ ನುಣ್ಣನೆಯ ಆಹಾರ, ಚೆನ್ನಾಗಿ ಕಳಿತ ಹಣ್ಣು ಇವು ಸಾಕು. ಬಾಳೆಹಣ್ಣಂತೂ ತನ್ನ ಸಿಪ್ಪೆಯನ್ನೇ ಹೊದಿಕೆಯಾಗಿ ಹೊತ್ತು ಬರುತ್ತದೆ. ತಿನ್ನಿಸುವ ಹೊತ್ತಿಗೆ ಸುಲಿದು ಚಮಚದ ಹಿಂಬದಿಯಿಂದ ನುರಿದರೆ ಊಟ ಸಿದ್ಧ. ಬಾಟಲಿಯಿಂದ ನೇರವಾಗಿ ತಿನ್ನಿಸಬೇಡಿ, ಬೇಕಾದಷ್ಟನ್ನು ಬಟ್ಟಲಿಗೆ ತೆಗೆದುಕೊಳ್ಳಿ. ಅಲರ್ಜಿ ಕಾಣಿಸಿಕೊಂಡರೆ ದಾರಿಯಲ್ಲಿ ನೆರವು ದೂರವಿರುತ್ತದಾದ್ದರಿಂದ, ಇವುಗಳಲ್ಲಿ ಮಗಳಿಗೆ ಹೊಸದಾದದ್ದನ್ನು ಹೊರಡುವ ಕೆಲವು ದಿನ ಮುಂಚೆಯೇ ಮನೆಯಲ್ಲಿ ರುಚಿ ತೋರಿಸಿರಬೇಕು. ಸಿಹಿಗೆಂದು ಜೇನುತುಪ್ಪ ಬೆರೆಸಬೇಡಿ. 1 ವರ್ಷದೊಳಗಿನ ಮಕ್ಕಳಲ್ಲಿ ಅದು ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆಗೆ ಕಾರಣವಾಗಬಹುದು.

ಕೋಣೆಯ ಕೆಟಲ್‌ನಲ್ಲಿ ಹಿಂದಿದ್ದವರು ಏನು ಬೇಯಿಸಿದ್ದರೋ ತಿಳಿಯದು. ತೊಳೆದು, ಒಂದು ಸಲ ನೀರು ಕುದಿಸಿ ಚೆಲ್ಲಿ, ಅನಂತರವೇ ಬಳಸಿ. ಸೀಸೆಯಲ್ಲಿ ಮಾರುವ ನೀರನ್ನೂ ಕುದಿಸಿಯೇ ಕೊಡಬೇಕು.

ಇಷ್ಟೆಲ್ಲ ಏರ್ಪಾಡಿನ ನಡುವೆಯೂ ಎದೆಹಾಲು ನಿಮ್ಮ ಜೊತೆಯಲ್ಲೇ ಇದೆ ಎಂಬುದು ನೆನಪಿರಲಿ. ಆ 6 ದಿನ ಮಗಳು ಊಟ ಕಡಿಮೆ ಮಾಡಿ ಹೆಚ್ಚು ಸಲ ಎದೆಗೆ ಬಂದರೆ ಗಾಬರಿಯಾಗದೆ ಕುಡಿಸಿ. ಹಿಂಡಿ ತೆಗೆದ ಹಾಲು 25 ಡಿಗ್ರಿವರೆಗಿನ ತಂಪಿನಲ್ಲಿ 4 ಗಂಟೆ, ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳಿರುವ ತಂಪುಚೀಲದಲ್ಲಿ 24 ಗಂಟೆ ಇರುತ್ತದೆ.

ಪ್ರಶ್ನೆ: 4 ತಿಂಗಳ ಮಗನೊಂದಿಗೆ ಬೇಸಿಗೆಯಲ್ಲಿ ವಿಮಾನದಲ್ಲಿ ಹೋಗಬೇಕಾಗಿದೆ. ಅವನಿಗೆ ಎದೆಹಾಲು ಮಾತ್ರ. ಸೆಕೆಗೆ ಬಾಯಾರೀತು, ನೀರು ಕುಡಿಸು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ.

ಉತ್ತರ: ಹಿರಿಯರ ಕಾಳಜಿ ಅರ್ಥವಾಗುವಂಥದ್ದೇ, ಆದರೆ ನೀರು ಬೇಡ. 6 ತಿಂಗಳು ತುಂಬುವವರೆಗೆ ಎಂಥ ಸೆಕೆಯಲ್ಲೂ ಬೇಕಾದ ನೀರೆಲ್ಲ ಎದೆಹಾಲಿನಲ್ಲೇ ಸಿಗುತ್ತದೆ. ಸೆಕೆಗೆ ಹೆಚ್ಚು ಸಲ ಹಾಲೂಡಿಸಿ, ನೀರನ್ನು ನೀವು ಧಾರಾಳವಾಗಿ ಕುಡಿಯಿರಿ. ವಿಮಾನ ಏರುವಾಗ, ಇಳಿಯುವಾಗ ಎದೆಗೆ ಹಾಕಿಕೊಂಡರೆ ಚೀಪಿ ನುಂಗುವುದರಿಂದ ಕಿವಿಯ ಒತ್ತಡವೂ ತಗ್ಗುತ್ತದೆ. ಡಯಾಪರ್ ಹಲವು ಗಂಟೆ ಒಣಗಿಯೇ ಉಳಿದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ನೆತ್ತಿ ಗುಳಿಬಿದ್ದಂತೆ ಕಂಡರೆ ಅಥವಾ ಮಗು ಹಾಲನ್ನೇ ಬೇಡವೆಂದು ಮಂಕಾಗಿ ಮಲಗಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.