ಸಣ್ಣ ಸುಟ್ಟ ಗಾಯ, ಚರ್ಮದ ಉರಿಗೆ ಡೆಕ್ಸ್‌ಪ್ಯಾಂಥೆನಾಲ್ ಮುಲಾಮು ಹಚ್ಚಬಹುದಾ? ಹೇಗೆ ಹಚ್ಚಬೇಕು?

ಹಚ್ಚಬಹುದು. ಆದರೆ ಸುಟ್ಟ ತಕ್ಷಣ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಉಂಗುರ, ಬಳೆ ಇದ್ದರೆ ಊತ ಬರುವ ಮೊದಲೇ ತೆಗೆದುಬಿಡಿ. ಚರ್ಮದ ಬಿಸಿ ಇಳಿಯದೆ ಜಿಡ್ಡಿನ ಮುಲಾಮು ಬಳಿದರೆ ಆ ಬಿಸಿ ಒಳಗೇ ಉಳಿಯುತ್ತದೆ.

ಈ ಔಷಧಿ ಚರ್ಮದೊಳಗೆ ಹೋದ ಮೇಲೆ ವಿಟಮಿನ್ ಬಿ5 ಆಗಿ ಬದಲಾಗುತ್ತದೆ. ತೇವ ಹಿಡಿದಿಡುತ್ತದೆ, ಹೊಸ ಚರ್ಮ ಬೆಳೆಯಲು ನೆರವಾಗುತ್ತದೆ. ಸಾಮಾನ್ಯವಾಗಿ ಸಿಗುವುದು 5% ಇರುವ ಟ್ಯೂಬ್. ಕೈ ತೊಳೆದುಕೊಂಡು, ದಿನಕ್ಕೆ ಒಂದೆರಡು ಸಲ ತೆಳ್ಳಗೆ ಹಚ್ಚಿದರೆ ಸಾಕು. ದಪ್ಪಗೆ ಮೆತ್ತಿದರೆ ಬೇಗ ವಾಸಿಯಾಗಲ್ಲ, ಸುಮ್ನೆ ಬಟ್ಟೆಗೆ ಅಂಟುತ್ತೆ ಅಷ್ಟೆ. ಒಣಗಿ ಬಿರಿದ ಚರ್ಮಕ್ಕೆ ಜಿಡ್ಡು ಜಾಸ್ತಿ ಇರುವ ಆಯಿಂಟ್‌ಮೆಂಟ್ ಒಳ್ಳೆಯದು. ಬಿಸಿಲಿಗೆ ಕೆಂಪಾದ ಜಾಗಕ್ಕೆ ಹಗುರವಾದ ಕ್ರೀಮ್ ಹಿತ. ಮಗುವಿಗೆ ಡೈಪರ್‌ನಿಂದ ಉರಿ ಎದ್ದಿದ್ದರೆ ಪ್ರತಿ ಸಲ ಬದಲಿಸುವಾಗ ಒರೆಸಿ, ಒಣಗಿಸಿ ಹಚ್ಚಿ.

ಇದು ಸೋಂಕಿನ ಔಷಧಿ ಅಲ್ಲ, ನೆನಪಿರಲಿ. ಕೀವು, ಜ್ವರ, ಹೆಚ್ಚುತ್ತಿರುವ ಕೆಂಪು ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಸುಟ್ಟದ್ದು ನಿಮ್ಮ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೀಲು ಅಥವಾ ಗುಪ್ತಾಂಗದ ಮೇಲಿದ್ದರೆ, ಚರ್ಮ ಬೆಳ್ಳಗೋ ಕಪ್ಪಗೋ ಆಗಿದ್ದರೆ ಮುಲಾಮಿನ ಯೋಚನೆಯೇ ಬೇಡ, ನೇರ ಆಸ್ಪತ್ರೆ. ಗುಳ್ಳೆ ಎದ್ದರೆ ಒಡೆಯಬೇಡಿ. ಕೆಲವು ಮುಲಾಮುಗಳಲ್ಲಿ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಇರುತ್ತದೆ, ಅದು ಕೆಲವರಿಗೆ ಒಗ್ಗಲ್ಲ. ಹಚ್ಚಿದ ಮೇಲೆ ತುರಿಕೆ ಜಾಸ್ತಿಯಾದರೆ ತೊಳೆದು ನಿಲ್ಲಿಸಿ.