ಇಟ್ಟ ಲಿಂಕು ಬೇಕಾದಾಗ ಸಿಗಬೇಕಂದ್ರ

ಪ್ರಶ್ನೆ: ಕಲಬುರಗಿಯಾಗ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದ್ಲಿಕತ್ತೀನ್ರಿ. ನೋಟಿಫಿಕೇಶನ್, ಕರೆಂಟ್ ಅಫೇರ್ಸ್, ನಮ್ಮ ಭಾಗಕ್ಕ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ಕಲಮಿನ ಆದೇಶ ಎಲ್ಲಾ ವಾಟ್ಸಾಪ್‌ನಾಗ ನನಗ ನಾನೇ ಕಳಿಸ್ಕೊಂಡು ಇಡ್ತೀನಿ, ಈಗ ಹುಡುಕಿದ್ರ ಒಂದೂ ಸಿಗವಲ್ದು. ಮೊದಲ ಲಿಂಕು ಕೂಡಿಡೋ ಪಾಕೆಟ್ ಆಪ್ ಇತ್ತು, ಅದೂ ಬಂದ್ ಆತು. ಅಂಥಾವ್ರಾಗ ರೇನ್‌ಡ್ರಾಪ್ ಛಲೋನೋ, ಪಿನ್‌ಬೋರ್ಡ್ ಛಲೋನೋ, ಇಲ್ಲಾ ಕ್ರೋಮ್‌ದಾಗೇ ಇಟ್ರ ಸಾಕೇನ್ರಿ?
– ಪರೀಕ್ಷಾರ್ಥಿ, ಕಲಬುರಗಿ

ಉತ್ತರ: ನಿಮಗ ರೇನ್‌ಡ್ರಾಪ್ ಸಾಕ್ರಿ, ಅದೂ ರೊಕ್ಕ ಕೊಡದೇ ಸಿಗೋ ಅಕೌಂಟೇ ಸಾಕು. ಆದ್ರ ಯಾವುದೇ ಟೂಲ್ ಹಿಡಿಯೋ ಮೊದಲ ಒಂದು ಮಾತು ನೋಡ್ಬೇಕು, ನಾಳೆ ಅದು ಮುಚ್ಚಿದ್ರ ನಮ್ಮ ಲಿಂಕು ನಮ್ಮ ಕೈಗೆ ಬರ್ತಾವೋ ಇಲ್ಲೋ ಅಂತ. ಯಾಕಂದ್ರ ಇವು ಮುಚ್ಚೋದು ಹೊಸಾದೇನಲ್ಲ. ಪಾಕೆಟ್ 2007ರಾಗ ‘ರೀಡ್ ಇಟ್ ಲೇಟರ್’ ಅಂತ ಶುರುವಾಗಿ, 2017ರಾಗ ಮೊಜಿಲ್ಲಾ ಕೈಗೆ ಹೋಗಿ, 2025ರ ಜುಲೈ 8ಕ್ಕ ಬಂದ್ ಆತು. ಅದಕ್ಕಿಂತ ಮೊದಲ ಗೂಗಲ್ ಬುಕ್‌ಮಾರ್ಕ್ಸ್ 2021ರಾಗ ಹೋತು, ಆಮ್ನಿವೋರ್ ಅಂತ ಒಂದು ಛಲೋದಿತ್ತು, 2024ರಾಗ ಅದೂ ಹೋತು. ಹಂಗಾಗಿ ಲಿಂಕೆಲ್ಲಾ ಒಂದು ಫೈಲ್ ಮಾಡಿ ಹೊರಗ ತಗೊಳ್ಳೋ ಎಕ್ಸ್‌ಪೋರ್ಟ್ ಬಟನ್ ಎಲ್ಲದ ಅಂತ ಮೊದಲ ದಿನಾನೇ ಹುಡುಕಿಟ್ಕೋರಿ. ರೇನ್‌ಡ್ರಾಪ್, ಪಿನ್‌ಬೋರ್ಡ್, ಕ್ರೋಮ್ ಮೂರೂ ಎಚ್‌ಟಿಎಂಎಲ್ ಫೈಲ್ ಮಾಡಿ ಕೊಡ್ತಾವ, ಅದು ನೆಟ್‌ಸ್ಕೇಪ್ ಅನ್ನೋ ಹಳೇ ಬ್ರೌಸರ್ ಕಾಲದ ಫಾರ್ಮ್ಯಾಟು, ಇವತ್ತಿಗೂ ಬ್ರೌಸರ್‌ಗಳೆಲ್ಲಾ ಅದನ್ನ ಓದ್ತಾವ. ಕ್ರೋಮ್‌ದಾಗ ಮಾತ್ರ ಇದು ಕಂಪ್ಯೂಟರ್‌ನಾಗೇ ಆಗ್ತದ, ಮೊಬೈಲ್‌ನಾಗ ಆಗಂಗಿಲ್ಲ.

ಈಗ ಕ್ರೋಮ್ ಯಾಕ ಸಾಲಂಗಿಲ್ಲ ಅಂದ್ರ ಅದರಾಗ ಫೋಲ್ಡರ್ ಅಷ್ಟೇ ಅದ, ಟ್ಯಾಗ್ ಅಂದ್ರ ಲಿಂಕಿಗೆ ಹಚ್ಚೋ ಹೆಸರಿನ ಚೀಟಿ ಇಲ್ಲ. ಒಂದು ಮೀಸಲಾತಿ ಆದೇಶ ‘ನೇಮಕಾತಿ’ ಫೋಲ್ಡರ್‌ನಾಗ ಇಡ್ಲೋ ‘371ಜೆ’ ಫೋಲ್ಡರ್‌ನಾಗ ಇಡ್ಲೋ ಅಂತ ನಿಂತುಬಿಡ್ತೀರಿ. ಟ್ಯಾಗ್ ಇದ್ರ ಎರಡೂ ಹಚ್ಚಿ ಮುಂದ ಹೋಗ್ಬಹುದು. ಫೈರ್‌ಫಾಕ್ಸ್‌ನಾಗ ಟ್ಯಾಗ್ ಅದ, ಲ್ಯಾಪ್‌ಟಾಪ್ ಮ್ಯಾಲೇ ಓದೋರಿಗೆ ಅಷ್ಟಾದ್ರೂ ನಡೀತದ. ರೇನ್‌ಡ್ರಾಪ್‌ದಾಗ ಫೋಲ್ಡರ್‌ನಂಥ ಕಲೆಕ್ಷನ್ನೂ ಅದ, ಟ್ಯಾಗೂ ಅದ, ಮೊಬೈಲ್‌ನಾಗ ಶೇರ್ ಒತ್ತಿದ್ರ ಸೀದಾ ಅಲ್ಲಿ ಹೋಗಿ ಕೂಡ್ತದ, ಎಷ್ಟು ಲಿಂಕ್ ಇಟ್ರೂ ಫ್ರೀ. ಪುಟದ ಕಾಪಿ ಶಾಶ್ವತ ಇಡೋದು, ಪುಟದ ಒಳಗಿನ ಅಕ್ಷರ ಹುಡುಕೋದು ಇವಕ್ಕ ಮಾತ್ರ ರೊಕ್ಕ ಕೇಳ್ತದ. ಪಿನ್‌ಬೋರ್ಡ್ 2009ರಿಂದ ಅದ, ಚಿತ್ರ ಗಿತ್ರ ಏನಿಲ್ಲ, ಬರೀ ಅಕ್ಷರ, ಭಾಳ ಫಾಸ್ಟ್, ನನಗಂತೂ ಅದರ ಸಾದಾತನ ಮನಸ್ಸಿಗೆ ಹಿಡಿಸ್ತದ, ಆದ್ರ ವರ್ಷಾ ವರ್ಷಾ ಡಾಲರ್‌ನಾಗ ಕಟ್ಬೇಕು, ರೂಮ್ ಬಾಡಿಗಿ ಕೊಟ್ಟು ಓದೋರಿಗೆ ಅದರ ಜರೂರಿಲ್ಲ.

ಟ್ಯಾಗ್ ಬಗ್ಗೆ ನಮ್ಮ ಭಾಗದವರಿಗೆ ಒಂದು ಖಾಸ್ ಮಾತು ಹೇಳ್ಬೇಕು. ನಮ್ಮ ಜಿಲ್ಲಾದ ಹೆಸರು 2014ರಾಗ ಬದಲಾತು, ಪ್ರದೇಶದ ಹೆಸರು 2019ರಾಗ ಕಲ್ಯಾಣ ಕರ್ನಾಟಕ ಆತು. 2013ರ ನೇಮಕಾತಿ ಮೀಸಲಾತಿ ಆದೇಶದಾಗ ಹೈದರಾಬಾದ್ ಕರ್ನಾಟಕ ಅಂತನೇ ಇರ್ತದ, ನೀವು ‘ಕಲ್ಯಾಣ ಕರ್ನಾಟಕ’ ಅಂತ ಹುಡುಕಿದ್ರ ಅದು ಎಲ್ಲಿಂದ ಬರ್ಬೇಕು? ಅದರ ಮ್ಯಾಲ ಗುಲ್ಬರ್ಗಾ, ಕಲಬುರಗಿ, ಕಲಬುರ್ಗಿ ಅಂತ ಒಬ್ಬೊಬ್ಬರು ಒಂದೊಂದು ಥರ ಬರೀತಾರ. ಅದಕ್ಕ ಹಳೇದಿರ್ಲಿ ಹೊಸಾದಿರ್ಲಿ, ಎಲ್ಲಾಕ್ಕೂ ‘371ಜೆ’ ಅಂತ ಒಂದೇ ಟ್ಯಾಗ್ ಹಚ್ರಿ.

ಇನ್ನೊಂದು, ಬುಕ್‌ಮಾರ್ಕ್ ಅಂದ್ರ ಬರೀ ಅಡ್ರೆಸ್ಸು, ಪುಟ ಅಲ್ಲ. ಸರ್ಕಾರಿ ವೆಬ್‌ಸೈಟ್ ಹೊಸ ಡಿಸೈನ್ ಆದಾಗ ಹಳೇ ಪಿಡಿಎಫ್ ಲಿಂಕ್ ಒತ್ತಿದ್ರ ‘ನಾಟ್ ಫೌಂಡ್’ ಅಂತ ಬರ್ತದ. ಆದೇಶ, ಅಧಿಸೂಚನೆ ಇಂಥಾವ್ನ ಡೌನ್‌ಲೋಡ್ ಮಾಡೇ ಇಡ್ರಿ, ಫೈಲಿಗೆ ತಾರೀಖು, ಆದೇಶದ ನಂಬರ್ ಹಾಕ್ರಿ. ಸುದ್ದಿ, ಲೇಖನ ಇದ್ರ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಾಗ ‘ಸೇವ್ ಪೇಜ್ ನೌ’ ಅಂತ ಅದ, ಅಡ್ರೆಸ್ ಹಾಕಿದ್ರ ಅವತ್ತಿನ ಪುಟದ ಕಾಪಿ ಅಲ್ಲಿ ಉಳೀತದ, ಫ್ರೀನೇ. ವಾಟ್ಸಾಪ್‌ದಾಗ ಇರೋ ಹಳೇವನ್ನೆಲ್ಲಾ ಸಾಗಿಸ್ಲಿಕ್ಕೆ ಹೋಗಬ್ಯಾಡ್ರಿ, ಸಿಲಬಸ್‌ಗೆ ಬೇಕಾದಾವಷ್ಟೇ ತಗೀರಿ.

ಪ್ರಶ್ನೆ: ಬೀದರ್ ಬಹಮನಿ ಸ್ಮಾರಕಗಳ ಮ್ಯಾಲ ಪಿಎಚ್‌ಡಿ ಮಾಡ್ಲಿಕತ್ತೀನಿ. ಲೇಖನ, ಫೋಟೊ, ಹಳೇ ಸರ್ವೇ ರಿಪೋರ್ಟ್ ಎಲ್ಲಾ ಲಿಂಕ್ ಸೇರಿ ಗೊಂದಲ ಆಗ್ಯಾದ. ಯಾವ ಬುಕ್‌ಮಾರ್ಕ್ ಟೂಲ್ ಛಲೋ?
– ಸಂಶೋಧನಾ ವಿದ್ಯಾರ್ಥಿನಿ, ಬೀದರ್

ಉತ್ತರ: ನಿಮಗ ಬುಕ್‌ಮಾರ್ಕ್ ಟೂಲ್ ಬ್ಯಾಡ್ರಿ ಮೇಡಂ, ಜೊಟೆರೊ ಬೇಕು. 2006ರಿಂದ ಅದ, ಫ್ರೀ, ಓಪನ್ ಸೋರ್ಸ್. ಬ್ರೌಸರ್‌ನಾಗ ಬಟನ್ ಒತ್ತಿದ್ರ ಲೇಖಕರು, ವರ್ಷ, ಪತ್ರಿಕೆ ಹೆಸರು ತಾನೇ ತಗೊಂತದ, ವೆಬ್ ಪುಟ ಇದ್ರ ಅದರ ಸ್ನ್ಯಾಪ್‌ಶಾಟ್ ನಿಮ್ಮ ಕಂಪ್ಯೂಟರ್‌ನಾಗ ಇಡ್ತದ, ಆಮ್ಯಾಲ ವರ್ಡ್‌ದಾಗ ಗ್ರಂಥಋಣ ಪಟ್ಟಿನೂ ಮಾಡಿ ಕೊಡ್ತದ. ಮಹಮೂದ್ ಗವಾನ್ ಮದರಸಾ, ಅಷ್ಟೂರು ಗುಮ್ಮಟ, ಬೀದರ್ ಕೋಟೆ, ಹಿಂಗ ಸ್ಮಾರಕಕ್ಕೊಂದು ಕಲೆಕ್ಷನ್ ಮಾಡ್ರಿ, ಒಂದೇ ಲೇಖನ ಮೂರರಾಗೂ ಇಡ್ಬಹುದು. ಆನ್‌ಲೈನ್ ಜಾಗ 300 ಎಂಬಿ ಅಷ್ಟೇ ಫ್ರೀ, ಸ್ಕ್ಯಾನ್ ಮಾಡಿದ ರಿಪೋರ್ಟಿಗೆ ಅದು ಸಾಲಂಗಿಲ್ಲ, ಹಂಗಾಗಿ ಫೈಲ್ ತಾನೇ ಆನ್‌ಲೈನ್‌ಗೆ ಹೋಗೋ ಫೈಲ್ ಸಿಂಕ್ ಬಂದ್ ಮಾಡಿ ಪೆನ್‌ಡ್ರೈವ್‌ನಾಗೋ ಹಾರ್ಡ್‌ಡಿಸ್ಕ್‌ನಾಗೋ ಬ್ಯಾಕಪ್ ಇಡ್ರಿ.

ಪ್ರಶ್ನೆ: ನಮ್ಮ ಸಾಲಿ ಹುಡುಗರಿಗೆ ವಿಜ್ಞಾನದ ಲಿಂಕ್ ಎಲ್ಲಾ ಒಂದೇ ಕಡೆ ಕೊಡಬೇಕು. ಹ್ಯಾಂಗ?
– ಶಿಕ್ಷಕಿ, ಶಹಾಪುರ

ಉತ್ತರ: ರೇನ್‌ಡ್ರಾಪ್‌ದಾಗ ಒಂದು ಕಲೆಕ್ಷನ್ ಮಾಡಿ ಪಬ್ಲಿಕ್ ಮಾಡ್ರಿ ಟೀಚರ್, ಒಂದೇ ಲಿಂಕ್ ಬರ್ತದ, ಪಾಲಕರ ಗ್ರೂಪಿಗೆ ಹಾಕಿದ್ರ ಅಕೌಂಟ್ ಇಲ್ಲದವರೂ ತೆಗೆದು ನೋಡ್ಬಹುದು. ನೀವು ನಾಳೆ ಹೊಸಾದು ಸೇರಿಸಿದ್ರ ಅದೇ ಪುಟದಾಗ ಕಾಣ್ತದ. ಪಬ್ಲಿಕ್ ಅಂದ್ರ ಯಾರಾದ್ರೂ ನೋಡ್ತಾರ, ಅದಕ್ಕ ಹುಡುಗರ ಹೆಸರು, ಫೋಟೊ ಇರೋ ಲಿಂಕು ಬ್ಯಾರೆ ಕಲೆಕ್ಷನ್‌ನಾಗ ಇಡ್ರಿ.